ಒಗ್ಗರಣೆಗೆ ಮುಂಚೆ ತೆಗೆದಿಟ್ಟ ಪಾಲು

ನಾನು ಕೂತಲ್ಲಿ ಕೂರುವ ಮಗುವಾಗಿರಲಿಲ್ಲ. ನೀರಿಗೆ ಕಳಿಸಿದರೆ ಬಿಂದಿಗೆಯನ್ನು ಬಾವಿಕಟ್ಟೆಯ ಮೇಲೆ ಬಿಟ್ಟು ಬರಿಗೈಯಲ್ಲಿ ಬರುತ್ತಿದ್ದೆ. ಎಮ್ಮೆ ಮೇಯಿಸಲು ಹೋದರೆ ಸಂಜೆ ಎಮ್ಮೆ ತಾನಾಗಿ ಮನೆ ಸೇರುತ್ತಿತ್ತು, ನನ್ನನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ನನ್ನ ಕಣ್ಣು ಹೆಂಚಿನ ಸಂದಿಯ ಗುಬ್ಬಿಯ ಮೇಲೆ, ಕೈ ಪಕ್ಕದವಳ ಜಡೆಯ ಮೇಲೆ ಇರುತ್ತಿದ್ದವು. ಇದಕ್ಕೆ ಈಗ ಡಾಕ್ಟರುಗಳು ಒಂದು ಹೆಸರಿಟ್ಟಿದ್ದಾರೆ. ಎಪ್ಪತ್ತರ ದಶಕದಲ್ಲಿ, ಮಾಲೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅದಕ್ಕಿದ್ದ ಹೆಸರು ಕೋತಿ.

ನಮ್ಮದು ಹಿಪ್ಪುನೇರಳೆ ತೋಟವಿದ್ದ, ರೇಷ್ಮೆಹುಳು ಸಾಕುವ ಮನೆ. ಹುಳುವಿಗೆ ಬೇರೆ ಕೊಠಡಿ ಇರಲಿಲ್ಲ. ನಡುಮನೆಯಲ್ಲೇ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡುಗಳು ನಿಲ್ಲುತ್ತಿದ್ದವು, ಅವುಗಳ ನಡುವೆ ಉಳಿದ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಮನೆಯ ಕಾಯಿದೆಯೆಲ್ಲ ಅಪ್ಪನ ತಾಯಿಯದು. ಅವಳು ಶ್ರೀನಿವಾಸಪುರದ ಆಚೆ ರಾಯಲ್ಪಾಡಿನ ಕಡೆಯಿಂದ ಬಂದವಳು, ಬಾಯಲ್ಲಿ ತೆಲುಗೂ ಕನ್ನಡವೂ ಒಟ್ಟಿಗೇ ಬರುತ್ತಿದ್ದವು. ನಾವು ಅವಳನ್ನು ಅವ್ವ ಎಂದು ಕರೆಯುತ್ತಿದ್ದೆವು.

ಹುಳು ಮನೆಯಲ್ಲಿರುವಷ್ಟು ದಿನ ಅವ್ವ ಒಗ್ಗರಣೆ ಹಾಕಲು ಬಿಡುತ್ತಿರಲಿಲ್ಲ. ಕಾದ ಎಣ್ಣೆಯ ಘಾಟು, ಸುಟ್ಟ ಮೆಣಸಿನಕಾಯಿಯ ಘಾಟು ಹುಳುವಿಗೆ ಆಗುವುದಿಲ್ಲ. ಬೀಡಿ ಸೇದುವವರು ಹೊಸಲಿನ ಹೊರಗೇ ನಿಲ್ಲಬೇಕು, ಊದುಬತ್ತಿ ಹಚ್ಚುವಂತಿಲ್ಲ. ಒಂದು ಕಂತಿನ ಹುಳುವೆಲ್ಲ ಗೂಡು ಕಟ್ಟಿ, ಬೆಳೆ ಮುಗಿದು, ರೇಷ್ಮೆಗೂಡು ಮಾರುಕಟ್ಟೆಗೆ ಹೋಗುವ ತನಕ ಮನೆಮಂದಿಯೆಲ್ಲ ಮುದ್ದೆ, ಬೇಯಿಸಿದ ಬೇಳೆ, ಬೇಯಿಸಿದ ಸೊಪ್ಪು, ಮಜ್ಜಿಗೆ ಇಷ್ಟರಲ್ಲೇ ಹೊತ್ತು ಕಳೆಯುತ್ತಿದ್ದೆವು. ಈ ಪದ್ಧತಿಯ ಬಗ್ಗೆ ನನಗೆ ದೂರಿಲ್ಲ. ಹುಳುವನ್ನು ನಂಬಿ ಬದುಕುವವರು ಹುಳುವಿನ ಮಾತು ಕೇಳಬೇಕು.

ನಾನು ಐದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಮ್ಮ ಹೆರಿಗೆಗೆಂದು ಮುಳಬಾಗಿಲಿನ ತವರಿಗೆ ಹೋದಳು. ಆಗ ಬೆಳೆ ಮನೆಯಲ್ಲಿತ್ತು. ಕೈಗಳು ಸಾಲದೆ, ಬೇರೆ ದಾರಿಯಿಲ್ಲದೆ, ನನ್ನನ್ನು ಹುಳದ ಕೆಲಸಕ್ಕೆ ಹಾಕಿದರು. ಹಿಪ್ಪುನೇರಳೆ ಸೊಪ್ಪು ಕತ್ತರಿಸುವುದು, ತಟ್ಟೆತಟ್ಟೆಗೂ ಹರಡುವುದು, ಹಿಕ್ಕೆ ತೆಗೆಯುವುದು, ಸ್ಟ್ಯಾಂಡಿನ ಕಾಲಿನ ಕೆಳಗಿನ ಬಟ್ಟಲುಗಳಿಗೆ ಇರುವೆ ಹತ್ತದಂತೆ ನೀರು ತುಂಬುವುದು. ಒಂದು ಕೆಲಸ ಬೇಸರವಾಗುವ ಹೊತ್ತಿಗೆ ಅದು ಮುಗಿದು ಇನ್ನೊಂದು ಶುರುವಾಗುತ್ತಿತ್ತು. ಯಾರೂ ಕೂರು ಎನ್ನುತ್ತಿರಲಿಲ್ಲ. ಯಾರೂ ಕೂಗುತ್ತಲೂ ಇರಲಿಲ್ಲ, ಏಕೆಂದರೆ ಹುಳದ ಮನೆಯಲ್ಲಿ ಕೂಗುವಂತಿಲ್ಲ. ಆ ಬೆಳೆಯಲ್ಲಿ ನಾನು ಒಂದು ಹೊತ್ತಿನ ಸೊಪ್ಪನ್ನೂ ತಪ್ಪಿಸಲಿಲ್ಲ. ಬಿಂದಿಗೆಯನ್ನೂ ಬಾವಿಕಟ್ಟೆಯ ಮೇಲೆ ಬಿಟ್ಟು ಬರಲಿಲ್ಲ.

ಇದನ್ನು ಮನೆಯವರು ಗಮನಿಸಿದರು. ಗಮನಿಸದೆ ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಗೂಡು ಬಿಡಿಸುತ್ತ ಕೂತಿದ್ದಾಗ ಅವ್ವ ಅಪ್ಪನಿಗೆ ಹೇಳಿದಳು. “ನೋಡ್ದೇನೋ ಇವ್ಳನ್ನ? ಒಂದ್ ಬೆಳೆ ಪೂರ್ತಿ ಒಗ್ಗರಣೆ ಬಿದ್ದಿಲ್ಲ ಹೊಟ್ಟೆಗೆ. ಮಂಟ ಎಲ್ಲಾ ಇಳಿದೋಗೈತೆ.”

“ಏನ್ ಮಂಟ ಅಮ್ಮ?” ಎಂದ ಅಪ್ಪ.

“ತಲೇಲಿರೋ ಉರಿ ಕಣೋ. ಎಣ್ಣೇಲಿ ಸಾಸಿವೆ ಸಿಡಿಯೋ ಹಂಗೆ ಸಿಡೀತಿದ್ಲಲ್ಲ, ಈಗ ಹೆಂಗೆ ತಣ್ಣಗವ್ಳೆ ನೋಡು.”

ಅಪ್ಪ ನನ್ನನ್ನು ನೋಡಿದ. ನಾನು ತಣ್ಣಗೇ ಇದ್ದೆ, ಕೈಯಲ್ಲಿ ಗೂಡು ಬಿಡಿಸುವ ಕೆಲಸವಿತ್ತು. “ಹಂಗಾದ್ರೆ ವರ್ಷವಿಡೀ ಹಿಂಗೇ ಇಡಾಣ” ಎಂದ.

ಅಷ್ಟೇ. ಹೊಲಕ್ಕೆ ಯಾವ ಗೊಬ್ಬರ ಹಾಕಬೇಕು ಎನ್ನುವುದಕ್ಕೂ ಇದಕ್ಕಿಂತ ಹೆಚ್ಚು ಮಾತು ಖರ್ಚಾಗುತ್ತಿತ್ತು.

ಬೆಳೆ ಮುಗಿದು ಮಿಕ್ಕವರ ತಟ್ಟೆಗೆ ಒಗ್ಗರಣೆ ಮರಳಿತು, ನನ್ನ ತಟ್ಟೆಗೆ ಬರಲಿಲ್ಲ. ಅಮ್ಮ ಕೂಸಿನೊಂದಿಗೆ ತವರಿನಿಂದ ಬಂದಾಗ ಅವಳಿಗೂ ಆಜ್ಞೆಯಾಯಿತು. ಸಾರು ಕುದಿದ ಮೇಲೆ, ಒಗ್ಗರಣೆ ಸೌಟನ್ನು ಒಲೆಯ ಮೇಲಿಡುವ ಮುಂಚೆ, ಅವಳು ನನ್ನ ಪಾಲನ್ನು ಒಂದು ಚಿಕ್ಕ ಪಾತ್ರೆಗೆ ತೆಗೆದಿಡುತ್ತಿದ್ದಳು. ಕ್ರಮೇಣ ಆ ಪಾಲಿನಿಂದ ಖಾರ ಹೋಯಿತು, ಹುಣಸೆ ಹೋಯಿತು, ಉಪ್ಪು ಇದ್ದೂ ಇಲ್ಲದಂತಾಯಿತು. ಬೆಲ್ಲ ಹೊಟ್ಟೆಯಲ್ಲಿ ಹುಳಿ ಬಂದು ತಲೆಗೇರುತ್ತದೆ ಎಂದು ಬೆಲ್ಲ ಬಿಡಿಸಿದರು. ಕಡಲೆಕಾಯಿ ಪಿತ್ತ, ಮೊಟ್ಟೆ ಉಷ್ಣ, ಮಾವಿನಹಣ್ಣು ಇನ್ನೂ ಉಷ್ಣ. ಯಲ್ದೂರಿನ ತೋಪುಗಳಿಂದ ಗಾಡಿಗಟ್ಟಲೆ ಮಾವು ಬರುವ ಸೀಮೆಯಲ್ಲಿ ಬೆಳೆದ ಹುಡುಗಿ ನಾನು, ಎರಡು ಬೇಸಿಗೆ ಬೇರೆಯವರು ಚೀಪಿದ ಓಟೆಯನ್ನು ನೋಡಿಕೊಂಡು ಕಳೆದೆ. ಯುಗಾದಿಯ ದಿನ ಎಲ್ಲರ ಎಲೆಗೆ ಒಬ್ಬಟ್ಟು ಬಿತ್ತು, ನನ್ನ ಎಲೆಗೆ ಮುದ್ದೆ ಬಿತ್ತು.

“ಅಮ್ಮ, ಒಂದೇ ಒಂದು ಚೂರು” ಎಂದೆ.

ಅಮ್ಮ ಅವ್ವ ಇದ್ದ ಕಡೆ ನೋಡಿ, ದನಿ ತಗ್ಗಿಸಿ, “ನಾನೇನ್ ಮಾಡ್ಲಿ ಹೇಳೇ” ಎಂದಳು. ಅಮ್ಮನ ಬಾಯಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಅದೇ ಇರಬೇಕು.

ಇದು ಗುಟ್ಟಾಗಿ ನಡೆದ ಪಥ್ಯವಲ್ಲ. ಅವ್ವ ಬೀದಿಯ ಎಲ್ಲ ಮನೆಗಳಿಗೂ ಹೇಳಿ ಬಂದಳು, ಈ ಹುಡುಗಿಗೆ ಯಾರೂ ಏನೂ ಕೊಡಬೇಡಿ ಎಂದು. ಅಪ್ಪ ಶಾಲೆಗೆ ಹೋಗಿ ಮೇಷ್ಟ್ರಿಗೂ ಹೇಳಿದ. ಮೇಷ್ಟ್ರು ಸಂತೋಷಪಟ್ಟರು. “ಒಳ್ಳೇ ಕೆಲಸ ಮಾಡಿದ್ರಿ. ನನಗೆ ಬೆತ್ತದ ಖರ್ಚು ಉಳೀತು.”

ಬೆತ್ತದ ಖರ್ಚು ಉಳಿಯಲಿಲ್ಲ. ಶಾಲೆಯ ಹಿಂದೆಯೇ ಮನೆಗಳಿದ್ದವು. ಮಧ್ಯಾಹ್ನಕ್ಕೆ ಮುಂಚೆ ಒಂದೊಂದೇ ಮನೆಯಿಂದ ಬೆಳ್ಳುಳ್ಳಿ, ಕರಿಬೇವು, ಸಾಸಿವೆಯ ವಾಸನೆ ಕಿಟಕಿಯಿಂದ ಒಳಕ್ಕೆ ಬರುತ್ತಿತ್ತು. ಪಥ್ಯಕ್ಕೆ ಮುಂಚೆ ನನ್ನ ಮನಸ್ಸು ಹತ್ತು ಕಡೆ ಓಡುತ್ತಿತ್ತು, ಹತ್ತರಲ್ಲಿ ಒಂದು ಸಲವಾದರೂ ಪಾಠದ ಮೇಲೆ ಬಂದು ಕೂರುತ್ತಿತ್ತು. ಪಥ್ಯ ಬಂದ ಮೇಲೆ ಅದು ಒಂದೇ ಕಡೆ ನಿಂತಿತು, ಆ ಕಿಟಕಿಯಲ್ಲಿ.

“ಏನೇ ಕೋತಿ, ಎಲ್ಲಿಗ್ ಹೋಯ್ತು ಬುದ್ಧಿ?” ಎಂದು ಮೇಷ್ಟ್ರು ಒಂದು ದಿನ ಕೇಳಿದರು.

“ಬೀದಿ ಕೊನೇ ಮನೆಗೆ ಸಾರ್. ಹುರುಳಿಕಾಳು ಬಸ್ಸಾರು.”

ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು, ನಕ್ಕು ಹೊಡೆದರು. ಸಂಜೆ ಸುದ್ದಿ ಮನೆ ಮುಟ್ಟಿತು. ಅವ್ವ ಬಾಗಿಲಲ್ಲೇ ನಿಂತಿದ್ದಳು.

“ಏಮೇ, ಇಲ್ಲಿ ಬಾ. ಬಾಯ್ ತೆಗಿ. ಕೈ ಕೊಡು.”

ಅವಳು ನನ್ನ ಬಾಯಿ ಮೂಸಿದಳು, ಎರಡೂ ಕೈ ಮೂಸಿದಳು. ಅಂದಿನಿಂದ ಅದು ದಿನಚರಿಯಾಯಿತು. ಶಾಲೆಯಿಂದ ಬಂದ ಕೂಡಲೆ ಹೊಸಲಿನ ಹೊರಗೆ ನಿಂತು ಬಾಯಿ ತೆರೆಯಬೇಕು, ಕೈ ಚಾಚಬೇಕು. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ಹಿಟ್ಟಿನ ಪಾತ್ರೆಗೆ ಬಾಯಿ ಹಾಕಿದ ನಾಯಿಯನ್ನು ನೋಡುವ ಹಾಗೆ ನೋಡುತ್ತಿದ್ದರು ಎಂದರೆ ಅತಿಯಾಗಲಾರದು.

ಆ ಪಥ್ಯದ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅದು ಸೋಲಲು ಸಾಧ್ಯವೇ ಇರಲಿಲ್ಲ. ನಾನು ಪಾಠ ಒಪ್ಪಿಸಿದರೆ ಪಥ್ಯ ಗೆದ್ದಿತು, ತಪ್ಪಿದರೆ ನಾನು ಎಲ್ಲೋ ಕದ್ದು ತಿಂದಿದ್ದೆ. ಬೆಳೆ ಇರುವ ದಿನಗಳಲ್ಲಿ ನಾನು ನೆಟ್ಟಗಿರುತ್ತಿದ್ದೆ, ಬೆಳೆ ಇಲ್ಲದ ದಿನಗಳಲ್ಲಿ ಮತ್ತೆ ಚದುರಿ ಹೋಗುತ್ತಿದ್ದೆ. ಪಥ್ಯ ಎರಡೂ ಹೊತ್ತಿನಲ್ಲಿ ಒಂದೇ ಆಗಿತ್ತು, ಬದಲಾಗುತ್ತಿದ್ದದ್ದು ಕೈಯ ಕೆಲಸ. ಹನ್ನೊಂದು ವರ್ಷದ ನನಗೆ ತಿಳಿದ ಈ ವ್ಯತ್ಯಾಸ ಮೂರು ಜನ ದೊಡ್ಡವರಿಗೆ ತಿಳಿಯಲಿಲ್ಲ. ತಿಳಿಸಲು ಹೋದಾಗ ಅವ್ವನ ಬಳಿ ಉತ್ತರ ಸಿದ್ಧವಿತ್ತು. “ಬೆಳೆ ಇಲ್ದಾಗ ನಮ್ ಒಗ್ಗರಣೆ ಗಾಳಿ ತಾಗ್ತೈತೆ ಅವ್ಳಿಗೆ.” ಮರುದಿನದಿಂದ ಮನೆಯಲ್ಲಿ ಒಗ್ಗರಣೆ ಹಾಕುವಾಗಲೆಲ್ಲ ನನ್ನನ್ನು ಕೊಟ್ಟಿಗೆಗೆ ಕಳಿಸಿದರು.

ಊಟಕ್ಕೂ ಮಗುವಿನ ಮನಸ್ಸಿಗೂ ಸಂಬಂಧವಿಲ್ಲ ಎಂದು ನಾನು ಹೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಹೊಟ್ಟೆ ತುಂಬ ಉಣ್ಣಬೇಕು. ಆ ಶಿಸ್ತನ್ನು ನಾನು ಹುಳುವಿನಿಂದ ಕಲಿತೆ, ಇಂದಿಗೂ ಬಿಟ್ಟಿಲ್ಲ. ಹುಳುವಿಗೆ ಸೊಪ್ಪು ತಡವಾದರೆ ಇಡೀ ಊರು ಅಪ್ಪನನ್ನು ಬೈಯುತ್ತಿತ್ತು. ನಾನು ಅರೆಹೊಟ್ಟೆಯಲ್ಲಿ ಶಾಲೆಗೆ ಹೋಗುವುದನ್ನು ಊರು ಪಥ್ಯ ಎಂದು ಕರೆಯಿತು.

ನನಗೆ ಓದುವ ಆಸೆ ಇತ್ತು. ಇದನ್ನು ಯಾರೂ ನಂಬಲಿಲ್ಲ, ಓದುವ ಆಸೆ ಇರುವವರು ಕೂತು ಓದುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ನಮ್ಮ ಊರಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ. ಮುಂದೆ ಓದಬೇಕಾದರೆ ಬಸ್ಸು ಹತ್ತಿ ಮಾಲೂರಿನ ಹೈಸ್ಕೂಲಿಗೆ ಹೋಗಬೇಕು. ಬೆನ್ನಿಗೆ ಚೀಲ ಹಾಕಿಕೊಂಡು ಬಸ್ಸಿಗೆ ಕಾಯುವ ದೊಡ್ಡ ಹುಡುಗಿಯರನ್ನು ದಿನವೂ ನೋಡುತ್ತಿದ್ದೆ. ಏಳನೆಯ ತರಗತಿಗೆ ಬಂದಾಗ ಅಪ್ಪ ಹೇಳಿದ. “ಪಬ್ಲಿಕ್ ಪರೀಕ್ಷೆ ಪಾಸ್ ಮಾಡು, ಹೈಸ್ಕೂಲಿಗೆ ಹಾಕ್ತೀನಿ. ಫೇಲಾದ್ರೆ ಹುಳದ ಮನೆ.” ಅಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ. ಎರಡೂ ಮಾತನ್ನು ಅವನು ನಿಜವಾಗಿಯೇ ಹೇಳಿದ್ದ.

ಆ ವರ್ಷದ ಚಳಿಗಾಲದ ಬೆಳೆಯಲ್ಲಿ ನನಗೆ ದಾರಿ ಸಿಕ್ಕಿತು. ಒಂದು ಸಾಲು ತಟ್ಟೆಗೆ ಸೊಪ್ಪು ಹರಡುವುದು, ನಿಂತಲ್ಲೇ ಪುಸ್ತಕದ ಅರ್ಧ ಪುಟ ಓದುವುದು, ಮುಂದಿನ ಸಾಲಿಗೆ ಹರಡುತ್ತ ಅದನ್ನೇ ಬಾಯಲ್ಲಿ ಹೇಳಿಕೊಳ್ಳುವುದು. ಲೆಕ್ಕವನ್ನು ಇದ್ದಿಲಿನಲ್ಲಿ ಗೋಡೆಯ ಮೇಲೆ ಮಾಡುತ್ತಿದ್ದೆ, ನಡೆದಾಡುತ್ತ. ಕೂತಾಗ ಜಾರಿಹೋಗುತ್ತಿದ್ದ ಭಿನ್ನರಾಶಿ ನಿಂತಾಗ ತಲೆಯಲ್ಲಿ ಉಳಿಯಿತು. ಬೆಳೆ ಮುಗಿಯುವ ಹೊತ್ತಿಗೆ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆ ಬಂತು. ಎಲ್ಲ ವಿಷಯದಲ್ಲೂ ಪಾಸಾದೆ, ಲೆಕ್ಕದಲ್ಲಿ ತರಗತಿಗೇ ಮೂರನೆಯವಳಾದೆ.

ಅಪ್ಪ ನನ್ನನ್ನು ಕರೆದುಕೊಂಡು ಮೇಷ್ಟ್ರ ಬಳಿ ಹೋದ. ನಾನು ಧೈರ್ಯ ಮಾಡಿ ಕೇಳಿದೆ. “ಸಾರ್, ನಾನು ಹಿಂದ್ಗಡೆ ನಿಂತ್ಕೊಂಡು ಓದ್ಲಾ? ಕೈಯಲ್ಲಿ ಏನಾದ್ರೂ ಕೆಲ್ಸ ಇದ್ರೆ ನಂಗೆ ತಲೇಲಿ ನಿಲ್ಲುತ್ತೆ.”

“ನಿಂತ್ಕೊಂಡು ಓದೋಕೆ ಇದೇನು ಬಸ್ ಸ್ಟ್ಯಾಂಡೇನೇ?” ಎಂದರು ಮೇಷ್ಟ್ರು. ಆಮೇಲೆ ಅಪ್ಪನ ಕಡೆ ತಿರುಗಿ, “ಪಥ್ಯ ಹಿಡೀತಾ ಇದೆ. ಪರೀಕ್ಷೆ ತನಕ ಬಿಗಿಯಾಗಿ ಇಡಿ” ಎಂದರು.

ಇನ್ನೂ ಬಿಗಿ ಮಾಡಲು ಏನು ಉಳಿದಿತ್ತು ಎಂದು ನನಗೆ ತಿಳಿದಿರಲಿಲ್ಲ. ಅವ್ವನಿಗೆ ತಿಳಿದಿತ್ತು.

ರೇಷ್ಮೆಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು, ಅಲ್ಲಾಡದೆ, ಒಂದು ದಿನ ಹಾಗೆಯೇ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಹಾಕಿದರೆ ತಟ್ಟೆ ಕೊಳೆತು ಹುಳು ಕೆಡುತ್ತದೆ. ಹುಳು ಸಾಕುವ ಮನೆಯ ಮಗುವಿಗೂ ಇದು ಗೊತ್ತು. ಪರೀಕ್ಷೆಯ ಹಿಂದಿನ ದಿನ ಅವ್ವ ಆ ತಿಳಿವಳಿಕೆಯನ್ನು ನನ್ನ ಮೇಲೆ ತಂದು ಹಾಕಿದಳು.

“ನಾಳೆಯಿಂದ ಬೆಳಿಗ್ಗೆ ಇವ್ಳಿಗೆ ಏನೂ ಕೊಡ್ಬ್ಯಾಡ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತೀವಾ? ಅಲ್ಲಾಡ್ದೆ ಕೂರ್ಬೇಕಾದ್ರೆ ಹೊಟ್ಟೆ ಖಾಲಿ ಇರ್ಬೇಕು.”

ಅಮ್ಮ ಅಂದು ಬಾಯಿ ತೆರೆದಳು. “ಅತ್ತೆ, ಮಗು ಅಷ್ಟು ಹೊತ್ತು ಬರೀಬೇಕು. ಒಂದ್ ಲೋಟ ಅಂಬಲಿನಾದ್ರೂ...”

“ನಿಮ್ ಮುಳಬಾಗ್ಲಲ್ಲಿ ಹುಳ ಸಾಕಿದ್ದೀರೇನಮ್ಮ? ದೋಸೆ ಹುಯ್ಯೋದ್ ಬಿಟ್ರೆ ಏನ್ ಗೊತ್ತು ನಿಮ್ಗೆ?”

ಅಪ್ಪ ನಕ್ಕ. ಅಮ್ಮ ಅಂಬಲಿಯ ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಪರೀಕ್ಷೆಯ ಕೇಂದ್ರ ಮಾಲೂರಿನಲ್ಲಿತ್ತು. ದಿನವೂ ಅಪ್ಪನೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಇಳಿದ ಮೇಲೆ ಅವನು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ತಿಂಡಿಗೆ ಹೋಗುತ್ತಿದ್ದ. ನನ್ನನ್ನು ಆಚೆ ಬದಿಯ ಮರದ ಕೆಳಗೆ ನಿಲ್ಲಿಸುತ್ತಿದ್ದ, ವಾಸನೆ ತಾಗದಿರಲಿ ಎಂದು. ಅವನು ಕ್ರೂರಿಯಲ್ಲ. ವಾಸನೆ ತಾಗದಷ್ಟು ದೂರ ಯಾವುದು ಎಂದು ಎರಡು ಹೆಜ್ಜೆ ಅತ್ತ ಇತ್ತ ನಡೆದು ನೋಡಿಯೇ ನಿಲ್ಲಿಸುತ್ತಿದ್ದ. ಅಲ್ಲಿಂದ ಅವನು ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದುವುದು ಕಾಣುತ್ತಿತ್ತು.

ಕನ್ನಡ, ಸಮಾಜ, ವಿಜ್ಞಾನಗಳನ್ನು ಹುಳದ ಮನೆಯಲ್ಲಿ ಬಾಯಿಪಾಠ ಮಾಡಿದ್ದರಿಂದ ಹೇಗೋ ದಾಟಿದೆ. ಲೆಕ್ಕದ ದಿನ ಮೊದಲ ಕೆಲವು ಲೆಕ್ಕಗಳನ್ನು ಮಾಡಿದೆ. ಆಮೇಲೆ ಬರೆಯುವುದು ನಿಂತಿತು. ಪ್ರಶ್ನೆಪತ್ರಿಕೆಯ ಅಂಕಿಗಳು ಸ್ಪಷ್ಟವಾಗಿಯೇ ಕಾಣುತ್ತಿದ್ದವು, ಅವುಗಳನ್ನು ಏನು ಮಾಡಬೇಕು ಎನ್ನುವುದು ಮಾತ್ರ ಗೊತ್ತಾಗಲಿಲ್ಲ. ಗೋಡೆಯ ಮೇಲೆ ಎಷ್ಟೋ ಸಲ ಬಿಡಿಸಿದ್ದ ಬಡ್ಡಿ ಲೆಕ್ಕ ಎದುರಿಗಿತ್ತು. ಅದನ್ನೇ ನೋಡುತ್ತ ಗಂಟೆ ಹೊಡೆಯುವ ತನಕ ಕೂತಿದ್ದೆ. ಒಮ್ಮೆಯೂ ಎದ್ದೇಳಬೇಕು ಎನಿಸಲಿಲ್ಲ, ಕಿಟಕಿಯ ಕಡೆ ನೋಡಲಿಲ್ಲ, ಕಾಲು ಅಲ್ಲಾಡಿಸಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಅಷ್ಟು ಅಚ್ಚುಕಟ್ಟಾಗಿ ನಾನು ಎಂದೂ ಕೂತಿರಲಿಲ್ಲ. ಅವ್ವ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು.

ಹೊರಗೆ ಬಂದಾಗ ಬೇರೆ ಊರಿನ ಹುಡುಗಿಯೊಬ್ಬಳು ಪೊಟ್ಟಣ ಬಿಚ್ಚಿ ಚುರುಮುರಿ ತಿನ್ನುತ್ತಿದ್ದಳು. ನನ್ನ ಮುಖ ನೋಡಿ, “ತಗೊಳೇ, ಸತ್ತೋಗೋ ಹಂಗಿದೀಯ” ಎಂದು ಒಂದು ಹಿಡಿ ಕೊಟ್ಟಳು. ತಿಂದೆ. ಅದರಲ್ಲಿ ಹಸಿ ಈರುಳ್ಳಿ ಇತ್ತು.

ಸಂಜೆ ಹೊಸಲಿನಲ್ಲಿ ಅವ್ವ ನನ್ನ ಕೈ ಮೂಸಿದಳು.

“ಉಲ್ಲಿಗಡ್ಡೆ!” ಎಂದು ಕೂಗಿದಳು. “ನೋಡೋ, ನೋಡೋ, ನಿನ್ ಮಗಳು ಉಲ್ಲಿಗಡ್ಡೆ ತಿಂದು ಬಂದವ್ಳೆ.”

“ಪೇಪರ್ ಕೊಟ್ಟಾದ್ಮೇಲೆ ತಿಂದಿದ್ದು ಅವ್ವ.”

“ಮುಂಚೆ ತಿಂದ್ರೇನು, ಆಮೇಲ್ ತಿಂದ್ರೇನು, ತಿಂದಿದ್ ತಿಂದಿದ್ದೇ.”

ಫಲಿತಾಂಶ ಬಂದಾಗ ಲೆಕ್ಕದಲ್ಲಿ ಫೇಲಾಗಿದ್ದೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ಮೇಷ್ಟ್ರು ಅಪ್ಪನಿಗೆ, “ಪಾಪ, ಇನ್ನೇನು ಕೈಗೆ ಬಂದಿತ್ತು, ಬಾಯಿಚಪಲ ಕೆಡಿಸ್ತು” ಎಂದರಂತೆ. ಪರೀಕ್ಷೆಗೆ ಮತ್ತೆ ಕಟ್ಟುತ್ತೇನೆ ಎಂದು ನಾನು ಅಪ್ಪನನ್ನು ಕೇಳಿದೆ. ಒಂದೇ ವಿಷಯ, ನಿಂತುಕೊಂಡು ಓದುತ್ತೇನೆ, ಹೊಟ್ಟೆಗೆ ಹಾಕಿ ಕಳಿಸು ಎಂದೆ. ಅಪ್ಪ ಸಿಟ್ಟು ಮಾಡಲಿಲ್ಲ. “ಓದು ನಿನ್ ತಲೆಗ್ ಹತ್ತಲ್ಲ ಬಿಡಮ್ಮ. ಹುಳದ ಕೆಲಸ ಚೆನ್ನಾಗ್ ಮಾಡ್ತೀಯ, ಅದನ್ನೇ ಮಾಡು” ಎಂದ. ಪ್ರೀತಿಯಿಂದಲೇ ಹೇಳಿದ. ಆ ಪ್ರೀತಿಯನ್ನು ಏನು ಮಾಡಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಅಂದು ಮಧ್ಯಾಹ್ನ ಅಮ್ಮ ಚಿಕ್ಕ ಪಾತ್ರೆ ತೆಗೆದುಕೊಂಡಾಗ ಅವ್ವ ಒಳಗಿನಿಂದಲೇ, “ಇನ್ಯಾಕೆ ಪಥ್ಯ? ಓದೋದೇನೈತೆ ಈಗ?” ಎಂದಳು. ಅಮ್ಮ ಪಾತ್ರೆಯನ್ನು ಕೆಳಗಿಟ್ಟಳು. ಎಲ್ಲರಿಗೂ ಬಡಿಸಿದ ಸಾರನ್ನೇ ನನಗೂ ಬಡಿಸಿದಳು, ಮೇಲೆ ಕರಿಬೇವು, ಬೆಳ್ಳುಳ್ಳಿ ತೇಲುತ್ತಿದ್ದವು. ಬೇಡ ಎಂದು ತಟ್ಟೆ ತಳ್ಳಿದೆ ಎಂದು ಬರೆಯಬಹುದಿತ್ತು. ತಳ್ಳಲಿಲ್ಲ. ಎರಡು ಸಲ ಹಾಕಿಸಿಕೊಂಡು ಉಂಡೆ. ಬಹಳ ರುಚಿಯಾಗಿತ್ತು. ಆ ರುಚಿಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆಮೇಲಿನ ವರ್ಷಗಳಲ್ಲಿ ಹುಳದ ಮನೆ ಪೂರ್ತಿ ನನ್ನ ಕೈಗೆ ಬಂತು. ನನ್ನ ಕೈಯ ಬೆಳೆ ಕೆಡುವುದಿಲ್ಲ ಎಂದು ಊರಲ್ಲಿ ಹೆಸರಾಯಿತು. ಓದುವುದನ್ನು ನಾನು ಬಿಡಲಿಲ್ಲ, ಸಿಕ್ಕ ಕಾಗದವನ್ನೆಲ್ಲ ತಟ್ಟೆಗಳ ನಡುವೆ ನಿಂತು ಓದಿದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಲೆಕ್ಕಕ್ಕೆ ಹಿಡಿದದ್ದು ನಾನು ಕೋತಿಯಾಗಿ ಉಳಿದಿಲ್ಲ ಎನ್ನುವುದನ್ನು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವ್ವ ಈ ವಿಷಯದಲ್ಲಿ ದೊಡ್ಡ ಮನುಷ್ಯಳಾಗಿದ್ದಳು. ಕೂತಲ್ಲಿ ಕೂರದ ಮಕ್ಕಳನ್ನು ವೇಮಗಲ್ ಕಡೆಯಿಂದ, ಶ್ರೀನಿವಾಸಪುರದ ಕಡೆಯಿಂದ ಅವಳ ಬಳಿಗೆ ಕರೆತರುತ್ತಿದ್ದರು. ಅವಳು ಪಥ್ಯ ಹೇಳುತ್ತಿದ್ದಳು. ಹೇಳಿ ಮುಗಿದ ಮೇಲೆ ಬಂದವರನ್ನು ಹುಳದ ಮನೆಯ ಬಾಗಿಲಿಗೆ ಕರೆತಂದು ನನ್ನನ್ನು ತೋರಿಸುತ್ತಿದ್ದಳು.

ಒಮ್ಮೆ ಯಲ್ದೂರಿನಿಂದ ಒಬ್ಬ ಹೆಂಗಸು ತನ್ನ ಮಗಳನ್ನು ಕರೆದುಕೊಂಡು ಬಂದಳು. ಎಂಟು ವರ್ಷವಿದ್ದೀತು. ಬಾಗಿಲಲ್ಲಿ ನಿಂತ ಅಷ್ಟು ಹೊತ್ತಿನಲ್ಲೇ ಆ ಮಗು ನೀರಿನ ಬಟ್ಟಲಿಗೆ ಕೈ ಹಾಕಿ, ಸೊಪ್ಪಿನ ಬುಟ್ಟಿ ಉರುಳಿಸಿ, ಅದನ್ನು ತಾನೇ ತುಂಬಲು ಕೂತಿತ್ತು. ನಾನು ಸೊಪ್ಪು ಹರಡುತ್ತಿದ್ದೆ.

“ಇವ್ಳೇ ನೋಡಮ್ಮ” ಎಂದಳು ಅವ್ವ. “ಹೆಂಗಿದ್ದೋಳು ಹೆಂಗಾದ್ಲು ಕೇಳು. ನೀನೇ ಹೇಳೇ.”

ನಾನು ಹೇಳಿದೆ. “ಪಥ್ಯ ಮಾಡಿದ್ದು ನಿಜ ಅಕ್ಕ. ಪಥ್ಯ ಮಾಡಿ ಫೇಲಾಗಿದ್ದೂ ನಿಜ. ಮಗೂಗೆ ಹೊಟ್ಟೆ ತುಂಬ ಹಾಕಿ. ಓದೋವಾಗ ಕೈಗೆ ಏನಾದ್ರೂ ಕೊಡಿ, ಎದ್ದು ಓಡಾಡೋಕೆ ಬಿಡಿ. ನೋಡಿ, ಬುಟ್ಟಿ ಹೆಂಗೆ ತುಂಬ್ತಾ ಇದಾಳೆ.”

“ಫೇಲಾಗಿದ್ದು ಈರುಳ್ಳಿ ತಿಂದು” ಎಂದಳು ಅವ್ವ.

ಆ ಹೆಂಗಸು ನನ್ನನ್ನು ನೋಡಿದಳು. ಮಾತಾಡುವಾಗಲೂ ನನ್ನ ಕೈ ನಿಂತಿರಲಿಲ್ಲ, ಸೊಪ್ಪು ಒಂದೇ ಸಮನಾಗಿ ತಟ್ಟೆಯ ಮೇಲೆ ಬೀಳುತ್ತಿತ್ತು. ಅವಳ ಮುಖದಲ್ಲಿ ಆಸೆ ಮೂಡುವುದು ಕಂಡಿತು. ಮಗುವಿನ ಕೈಯಿಂದ ಸೊಪ್ಪನ್ನು ಕಿತ್ತು ಬುಟ್ಟಿಗೆ ಹಾಕಿ, ಅದರ ರಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವ್ವನ ಕಡೆ ತಿರುಗಿದಳು.

“ಉಪ್ಪು ಪೂರ್ತಿ ಬಿಡಿಸ್ಬೇಕಾ ಅವ್ವ, ಇಲ್ಲ ಒಂದ್ ಚೂರು ಹಾಕ್ಬೋದಾ?”